ಊರು ಪಟ್ಟಣವಾಗುವುದು ಯಾವಾಗ?



ಒಂದು ಹಳ್ಳಿ ಪಟ್ಟಣವಾಗುವುದು ಯಾವಾಗ? ಬಸ್ ನಿಲ್ದಾಣ ಬಂದಾಗಲೇ? ಕಾಲೇಜು ತೆರೆದಾಗಲೇ? ಪಠ್ಯಪುಸ್ತಕ ಇದಕ್ಕೆ ಜನಸಂಖ್ಯೆಯ ಒಂದು ಅಂಕಿಯನ್ನು ಉತ್ತರವಾಗಿ ಕೊಡುತ್ತದೆ. ಆದರೆ ನೀರು ನೂರು ಡಿಗ್ರಿಗೆ ಕುದಿಯುವಂತೆ ಊರು ಒಂದು ನಿಗದಿತ ಅಂಕಿಗೆ ಪಟ್ಟಣವಾಗುವುದಿಲ್ಲ. ಪೇಟೆಯಲ್ಲಿ ಹುಟ್ಟುವ ಹಣದ ಒಂದು ಪಾಲನ್ನು ಎಲ್ಲರ ನೀರಿಗೆ, ದೀಪಕ್ಕೆ, ಚರಂಡಿಗೆ ತೆಗೆದಿಡಲು ಊರವರು ಒಪ್ಪಬೇಕು. ಆ ಒಪ್ಪಂದಕ್ಕೆ ನಾವು ಇಟ್ಟಿರುವ ಹೆಸರೇ ಪುರಸಭೆ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರುಗಳ ಇತಿಹಾಸದಲ್ಲಿ ಈ ಒಪ್ಪಂದ ಹೇಗೆ ಬೆಳೆಯಿತು, ಎಲ್ಲಿ ಮುರಿಯಿತು ಎಂಬುದನ್ನು ನೋಡೋಣ.

ನಾಲ್ಕು ಊರು, ನಾಲ್ಕು ಪೇಟೆ

ಈ ನಾಲ್ಕೂ ಊರುಗಳು 1997ರ ಆಗಸ್ಟ್ 24ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಅಂದು ಹಾವೇರಿ ಹೊಸ ಜಿಲ್ಲೆಯಾಯಿತು. ನಾಲ್ಕೂ ತಾಲ್ಲೂಕು ಕೇಂದ್ರಗಳೇ. ಆದರೆ ಒಂದರ ವ್ಯಾಪಾರ ಇನ್ನೊಂದರಂತಲ್ಲ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನದು ಭತ್ತ ಮತ್ತು ಮಾವಿನ ವ್ಯಾಪಾರ. ಸವಣೂರಿನ ವೀಳ್ಯದೆಲೆಗೂ ಖಾರಕ್ಕೂ ದೂರದೂರಿನಲ್ಲಿ ಹೆಸರಿದೆ. ಶಿಗ್ಗಾವಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ಊರು. ಹಿರೇಕೆರೂರಿನ ಪೇಟೆ ಹತ್ತಿ, ಮೆಕ್ಕೆಜೋಳ ಮತ್ತು ಬಿತ್ತನೆ ಬೀಜಗಳ ಮೇಲೆ ನಿಂತಿದೆ. ಸುತ್ತಲಿನ ಹಳ್ಳಿಗಳ ರೈತ ಮಾಲು ತಂದರೆ ಮಾತ್ರ ಇಲ್ಲಿ ಅಂಗಡಿಯ ಬಾಗಿಲು ತೆರೆಯುತ್ತದೆ. ಮಳೆ ಕೈಕೊಟ್ಟ ವರ್ಷ ಬಟ್ಟೆ ಅಂಗಡಿಯೂ ಖಾಲಿ, ಹೋಟೆಲೂ ಖಾಲಿ. ಇಂಥ ಊರಿನ ಆಡಳಿತದ ಬೊಕ್ಕಸವೂ ಪೇಟೆಯ ಏರಿಳಿತವನ್ನೇ ಅವಲಂಬಿಸಿರುತ್ತದೆ.

ಹೆಜ್ಜುಂಕದ ಕಾಲ

ವ್ಯಾಪಾರದ ಹಣ ಸಾರ್ವಜನಿಕ ಕೆಲಸಕ್ಕೆ ಹೋಗುವುದು ಇಲ್ಲಿ ಹೊಸದಲ್ಲ. ಹಾನಗಲ್ಲಿನ ಹಳೆಯ ಹೆಸರು ಪಾನುಂಗಲ್. ಪಾನುಂಗಲ್ಲು ಐನೂರು ಎಂಬ ನಾಡಿಗೆ ಅದು ಕೇಂದ್ರ. ಕದಂಬರ ಒಂದು ಶಾಖೆಗೆ ರಾಜಧಾನಿ. ಇಂದಿಗೂ ಅಲ್ಲಿರುವ ತಾರಕೇಶ್ವರ ದೇವಾಲಯ ಆ ವೈಭವಕ್ಕೆ ಸಾಕ್ಷಿ. ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಅಡಕೆ, ಎಲೆ, ಎಣ್ಣೆಯ ಮೇಲಿನ ಸುಂಕದ ಪಾಲನ್ನು ದೇವಾಲಯಕ್ಕೆ ಬಿಟ್ಟುಕೊಟ್ಟ ದಾಖಲೆಗಳಿವೆ. ಅಯ್ಯಾವೊಳೆ ಐನೂರ್ವರಂಥ ವರ್ತಕರ ಸಂಘಗಳು ತಾವಾಗಿಯೇ ಕೂಡಿ ಇಂಥ ದತ್ತಿ ಕೊಟ್ಟದ್ದೂ ಉಂಟು. ಆದರೆ ಒಂದು ಮಾತು ಗಮನಿಸಿ. ಕೊಡುವವರು ಯಾರು, ಎಷ್ಟು ಎಂಬುದನ್ನು ತೀರ್ಮಾನಿಸುತ್ತಿದ್ದವರು ಅರಸ, ಮಹಾಜನರು ಮತ್ತು ವರ್ತಕರು. ಬೀದಿ ಗುಡಿಸುವವನನ್ನು ಯಾರೂ ಕೇಳುತ್ತಿರಲಿಲ್ಲ.

ಕಾಯ್ದೆ ಬಂತು, ಕರವೂ ಬಂತು

ಬ್ರಿಟಿಷರ ಕಾಲದಲ್ಲಿ 1850ರ 26ನೆಯ ಕಾಯ್ದೆ ಸಣ್ಣ ಊರುಗಳಿಗೂ ನಗರಸಭೆಯ ದಾರಿ ತೆರೆಯಿತು. ಊರವರೇ ಅರ್ಜಿ ಹಾಕಿದರೆ ಮಾತ್ರ ಅದು ಜಾರಿಗೆ ಬರುತ್ತಿತ್ತು. ಹುಬ್ಬಳ್ಳಿಯಲ್ಲಿ 1855ರಲ್ಲಿ, ಧಾರವಾಡದಲ್ಲಿ 1856ರಲ್ಲಿ ನಗರಸಭೆಗಳಾದವು. ಮುಂದೆ 1873ರ ಮುಂಬಯಿ ಕಾಯ್ದೆಯ ಪ್ರಕಾರ 2,000 ಜನರಿರುವ ಊರಿಗೂ ಪುರಸಭೆ ಬರಬಹುದಾಗಿತ್ತು. 1882ರಲ್ಲಿ ಲಾರ್ಡ್ ರಿಪನ್ನರು ಸ್ಥಳೀಯ ಆಡಳಿತ ಜನರಿಗೆ ರಾಜಕೀಯ ಶಿಕ್ಷಣ ಕೊಡಬೇಕೆಂದು ನಿರ್ಣಯ ಹೊರಡಿಸಿದ ಮೇಲೆ ಚುನಾಯಿತ ಸದಸ್ಯರಿಗೆ ಹೆಚ್ಚು ಸ್ಥಾನ ಸಿಕ್ಕಿತು. ಆದರೂ ಮತದ ಹಕ್ಕು ಆಸ್ತಿವಂತರಿಗೂ ಕರ ಕಟ್ಟುವವರಿಗೂ ಸೀಮಿತವಾಗಿತ್ತು.

ಆಗಿನ ನಕ್ಷೆಯೂ ಇಂದಿನದಲ್ಲ. ಶಿಗ್ಗಾವಿಯಲ್ಲಿ ಕಚೇರಿಯಿದ್ದರೂ ತಾಲ್ಲೂಕಿನ ಹೆಸರು ಬಂಕಾಪುರ. ಹಿರೇಕೆರೂರು ಕೇಂದ್ರವಾಗಿದ್ದರೂ ತಾಲ್ಲೂಕಿನ ಹೆಸರು ಕೋಡ. ಸವಣೂರಂತೂ ನವಾಬರ ಸಂಸ್ಥಾನ. 1948ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1964ರ ಪುರಸಭೆಗಳ ಕಾಯ್ದೆ ರಾಜ್ಯದ ಎಲ್ಲ ಊರುಗಳಿಗೂ ಒಂದೇ ನಿಯಮ ತಂದಿತು.

ಜಕಾತಿ ಹೋದ ಮೇಲೆ

ಪುರಸಭೆಯ ದೊಡ್ಡ ಆದಾಯ ಯಾವುದು ಗೊತ್ತೇ? ಜಕಾತಿ. ಊರ ಬಾಯಲ್ಲಿ ಒಂದು ನಾಕಾ. ಒಳಗೆ ಬರುವ ಗಾಡಿ, ಲಾರಿ ಅಲ್ಲಿ ನಿಲ್ಲಬೇಕು. ಮಾಲಿನ ಮೇಲೆ ಸುಂಕ ಕಟ್ಟಬೇಕು. ಹಳೆಯ ಹೆಜ್ಜುಂಕದ ಮೊಮ್ಮಗ ಎಂದರೂ ನಡೆದೀತು! ವರ್ತಕರಿಗೆ ಇದು ಕಿರುಕುಳ, ಪುರಸಭೆಗೆ ದಿನದಿನದ ನಗದು. 1979ರಲ್ಲಿ ಕರ್ನಾಟಕ ಸರ್ಕಾರ ಜಕಾತಿಯನ್ನು ರದ್ದುಮಾಡಿ, ರಾಜ್ಯವೇ ವಸೂಲು ಮಾಡುವ ಪ್ರವೇಶ ತೆರಿಗೆಯನ್ನು ತಂದಿತು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಅದೂ ಹೋಯಿತು.

ನಾಕಾ ಕಿತ್ತದ್ದರಿಂದ ವ್ಯಾಪಾರ ಸಲೀಸಾಯಿತು, ನಿಜ. ಆದರೆ ಪುರಸಭೆ ಸರ್ಕಾರದ ಅನುದಾನಕ್ಕೆ ಕಾಯುವಂತಾಯಿತು. ಸ್ವಂತದ್ದೆಂದು ಉಳಿದದ್ದು ಮನೆ ಕಂದಾಯ, ನೀರಿನ ಕರ, ಪರವಾನಗಿ ಶುಲ್ಕ, ಸಂತೆಯ ವಸೂಲಿ ಮತ್ತು ಅಂಗಡಿ ಮಳಿಗೆಗಳ ಬಾಡಿಗೆ. ಕಂದಾಯ ಏರಿಸಿದರೆ ಮತದಾರ ಮುನಿಯುತ್ತಾನೆ. ಮಳಿಗೆ ಕಟ್ಟಿ ಹರಾಜು ಹಾಕಿದರೆ ಯಾರೂ ಮುನಿಯುವುದಿಲ್ಲ. ಹೀಗಾಗಿ ಊರ ನಡುವಿನ ಖಾಲಿ ಜಾಗಕ್ಕೆಲ್ಲ ಬೆಲೆ ಬಂತು.

ಹಳ್ಳಿಗೂ ಪಟ್ಟಣಕ್ಕೂ ನಡುವೆ

ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಐದು ವರ್ಷದ ಅವಧಿ, ಕನಿಷ್ಠ ಮೂರನೇ ಒಂದು ಸ್ಥಾನ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಮೀಸಲಾತಿ – ಇವು ಅದರ ಮುಖ್ಯ ಅಂಶಗಳು. ಹಳ್ಳಿಯೂ ಅಲ್ಲದ, ಪೂರ್ತಿ ಪಟ್ಟಣವೂ ಆಗದ ಊರುಗಳಿಗಾಗಿ ಕರ್ನಾಟಕದಲ್ಲಿ ‘ಪಟ್ಟಣ ಪಂಚಾಯಿತಿ’ ಎಂಬ ವ್ಯವಸ್ಥೆ ಬಂತು. ಸಾಮಾನ್ಯವಾಗಿ 10,000ದಿಂದ 20,000 ಜನ. ದುಡಿಯುವವರಲ್ಲಿ ಅರ್ಧದಷ್ಟಾದರೂ ಕೃಷಿಯೇತರ ಕೆಲಸದಲ್ಲಿರಬೇಕು. 2011ರ ಜನಗಣತಿಯಲ್ಲಿ ಹಿರೇಕೆರೂರಿನ ಜನಸಂಖ್ಯೆ ಸುಮಾರು 19 ಸಾವಿರ. ಅದು ಪಟ್ಟಣ ಪಂಚಾಯಿತಿ. ಹಾನಗಲ್, ಶಿಗ್ಗಾವಿಗಳಲ್ಲಿ ತಲಾ ಸುಮಾರು 28 ಸಾವಿರ, ಸವಣೂರಿನಲ್ಲಿ 40 ಸಾವಿರ; ಇವು ಪುರಸಭೆಗಳು.

ಹಲಗೆ ಬದಲಾದ ದಿನ ಎಲ್ಲರಿಗೂ ಲಾಭವೇ ಆಗುತ್ತದೆಯೇ? ಅಂಗಡಿಕಾರನ ಜಾಗಕ್ಕೆ ಬೆಲೆ ಏರುತ್ತದೆ. ಕೂಲಿಕಾರನ ಲೆಕ್ಕ ಬೇರೆ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಹಳ್ಳಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಅದು ಜಾರಿಯಾದ ಮೇಲೆ ಪಟ್ಟಣ ಪಂಚಾಯಿತಿಯಾದ ಊರುಗಳಲ್ಲಿ ಹೊಲದ ಕೂಲಿಯನ್ನೇ ನಂಬಿದವರು ಆ ಕೆಲಸದ ಹಕ್ಕನ್ನು ಕಳೆದುಕೊಂಡರು. ಕಂದಾಯ ಮಾತ್ರ ಹೆಚ್ಚಾಯಿತು.

ಸವಣೂರು ಕೇಳಿದ ಪ್ರಶ್ನೆ

ಒಪ್ಪಂದ ಮುರಿದರೆ ಏನಾಗುತ್ತದೆಂಬುದನ್ನು ಸವಣೂರು ತೋರಿಸಿತು. 2010ರ ಜುಲೈ 20ರಂದು ಅಲ್ಲಿನ ಭಂಗಿ ಸಮುದಾಯದ ಕೆಲವರು ಪುರಸಭೆ ಕಚೇರಿಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ತಲೆಮಾರುಗಳಿಂದ ಊರಿನ ಶೌಚಗುಂಡಿಗಳನ್ನು ಬಳಿದು ಸ್ವಚ್ಛಮಾಡುತ್ತ ಬಂದ ಮನೆತನಗಳವು. ತಾವಿರುವ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಲು ತಮ್ಮನ್ನು ಒಕ್ಕಲೆಬ್ಬಿಸುತ್ತಿದ್ದಾರೆ, ನೀರನ್ನೂ ನಿಲ್ಲಿಸಿದ್ದಾರೆ ಎಂಬುದು ಅವರ ದೂರು. ಸುದ್ದಿ ರಾಜ್ಯವನ್ನೇ ಕಲಕಿತು.

ಇದೇ ರಾಜ್ಯದಲ್ಲಿ 1970ರ ದಶಕದ ಆರಂಭದಲ್ಲಿ ಪೌರಾಡಳಿತ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದರು. 1993ರಲ್ಲಿ ಕೇಂದ್ರದ ಕಾಯ್ದೆಯೂ ಬಂದಿತ್ತು. ಆದರೂ 2010ರಲ್ಲಿ ಸವಣೂರಿನ ಆ ಮನೆಗಳಿಗೆ ಕಾಯ್ದೆ ತಲುಪಿರಲಿಲ್ಲ. 2013ರಲ್ಲಿ ಪುನರ್ವಸತಿಯನ್ನೂ ಒಳಗೊಂಡ ಮತ್ತೊಂದು ಕಾಯ್ದೆ ಮಾಡಬೇಕಾಯಿತು. ಮಳಿಗೆಯ ಬಾಡಿಗೆ ಪುರಸಭೆಗೆ ಬೇಕು, ಸರಿ. ಆದರೆ ಊರನ್ನು ಸ್ವಚ್ಛವಾಗಿಟ್ಟವರ ನೆಲೆಯನ್ನೇ ಕಿತ್ತು ಆ ಬಾಡಿಗೆ ಗಳಿಸಬೇಕೇ? ಇಷ್ಟೇ ಅವರ ಪ್ರಶ್ನೆ.

ಮಿತ್ರರೇ, ಹದಿನೆಂಟು ತುಂಬಿದೊಡನೆ ನೀವೂ ಮತದಾರರು. ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಊರಿನ ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ಈ ವರ್ಷದ ಆಯವ್ಯಯ ಪತ್ರವನ್ನು ಕೇಳಿ ಪಡೆಯಿರಿ. 2005ರ ಮಾಹಿತಿ ಹಕ್ಕು ಕಾಯ್ದೆ ನಿಮ್ಮ ಬೆನ್ನಿಗಿದೆ. ಮಳಿಗೆಗಳಿಂದ ಎಷ್ಟು ಬಂತು, ಪೌರಕಾರ್ಮಿಕರ ಸಂಬಳಕ್ಕೆ ಎಷ್ಟು ಹೋಯಿತು, ಕೊನೆಯ ಓಣಿಯ ಚರಂಡಿಗೆ ಎಷ್ಟು ಮೀಸಲಿದೆ ಎಂಬುದನ್ನು ಮೂರು ಸಾಲಿನಲ್ಲಿ ಬರೆದುಕೊಳ್ಳಿ. ನಂತರ ಆ ಕೊನೆಯ ಓಣಿಗೆ ಹೋಗಿ ನೋಡಿ ಬನ್ನಿ. ನಿಮ್ಮ ಊರು ಪಟ್ಟಣವಾಗಿದೆಯೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ.