ಶೋಧಕ ಯಂತ್ರಗಳು ಓದಬಲ್ಲ ಮೆನು: ಕನ್ನಡ ಜಾಲತಾಣಗಳಿಗೆ ಕೆಲವು ಸೂಚನೆಗಳು

ಜಾಲತಾಣದ ನೆತ್ತಿಯಲ್ಲೋ ಎಡಬದಿಯಲ್ಲೋ ಇರುವ 'ನಮ್ಮ ಬಗ್ಗೆ', 'ಕಾರ್ಯಕ್ರಮಗಳು', 'ಸಂಪರ್ಕ' ಎಂಬ ಕೊಂಡಿಗಳ ಸಾಲಿಗೆ ಮೆನು ಎಂದು ಹೆಸರು. ಓದುಗರಿಗೆ ಅದು ಪರಿವಿಡಿಯಾದರೆ ಗೂಗಲ್, ಬಿಂಗ್ ಮೊದಲಾದ ಶೋಧಕ ಯಂತ್ರಗಳಿಗೆ ಅದೇ ದಾರಿ. ಅವುಗಳ ತಂತ್ರಾಂಶವು ಕೊಂಡಿಯಿಂದ ಕೊಂಡಿಗೆ ಸಾಗುತ್ತ ಪ್ರತಿ ಪುಟದ ಪದಗಳನ್ನು ತನ್ನ ಸೂಚಿಯಲ್ಲಿ ದಾಖಲಿಸಿಕೊಳ್ಳುತ್ತದೆ. ಯಾವ ಕೊಂಡಿಯೂ ತಲುಪದ ಪುಟವು ಸೂಚಿಯಿಲ್ಲದ ಲೆಡ್ಜರಿನ ಖಾತೆಯಂತೆ, ಇದ್ದೂ ಸಿಗದು. ವರ್ಗವಾಗಿ ಚೆನ್ನೈಗೆ ಬಂದ ಕುಟುಂಬವೊಂದು ಮಕ್ಕಳಿಗೆ ಕನ್ನಡ ಕಲಿಸುವ ತರಗತಿಯನ್ನು ಅಂತರ್ಜಾಲದಲ್ಲಿ ಹುಡುಕುವಾಗ ಸಂಘದ ಪುಟ ಕಾಣಿಸದಿದ್ದರೆ, ಆ ಕುಟುಂಬದ ಪಾಲಿಗೆ ಸಂಘವೇ ಇಲ್ಲ.

ಕನ್ನಡ ತಾಣಗಳಿಗೆ ಈ ತೊಡಕು ಹುಟ್ಟಿನಿಂದಲೇ ಅಂಟಿ ಬಂದದ್ದು. ಡಾ. ಯು.ಬಿ. ಪವನಜ ಅವರ 'ವಿಶ್ವಕನ್ನಡ' 1996ರಲ್ಲಿ ಆರಂಭವಾಯಿತು. ಯುನಿಕೋಡ್ ಸಂಹಿತೆಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿದ್ದರೂ, ಮನೆಯ ಗಣಕಗಳಿಗೆ ಆ ಸೌಲಭ್ಯ ವ್ಯಾಪಕವಾಗಿ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯ ನಂತರ. ಅಲ್ಲಿಯವರೆಗೆ, ಅನಂತರವೂ ಬಹುಕಾಲ, ಬರಹ ಮತ್ತು ನುಡಿ ತಂತ್ರಾಂಶಗಳ ಫಾಂಟುಗಳೇ ಆಧಾರವಾಗಿದ್ದವು. ಅವು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಲಾಗಿತ್ತು. ನಮ್ಮ ಕಣ್ಣಿಗೆ 'ಕ' ಎಂದು ಕಾಣುವುದು ಗಣಕದೊಳಗೆ ಒಂದು 'ಪಿ' ಮತ್ತು ತಲೆಯ ಮೇಲೆ ಓರೆಗೆರೆ ಹೊತ್ತ ಒಂದು 'ಎ' ಆಗಿರುತ್ತಿತ್ತು. ಶೋಧಕ ಯಂತ್ರಕ್ಕೆ ದೊರೆತದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಫಾಂಟ್ ಇಲ್ಲದ ಗಣಕದಲ್ಲೂ ಕನ್ನಡ ಕಾಣಲಿ ಎಂಬ ಸದುದ್ದೇಶದಿಂದ ಕೆಲವರು ಮೆನುವಿನ ಪದಗಳನ್ನೇ ಚಿತ್ರಗಳನ್ನಾಗಿಸಿದರು. ಇನ್ನು ಕೆಲವರು ಫ್ಲ್ಯಾಷ್ ಬಳಸಿ ಕುಣಿಯುವ ಮೆನು ಮಾಡಿಸಿದರು. 2020ರ ಡಿಸೆಂಬರ್ 31ರೊಂದಿಗೆ ಅಡೋಬಿ ಸಂಸ್ಥೆಯು ಫ್ಲ್ಯಾಷ್‌ಗೆ ಬೆಂಬಲ ನಿಲ್ಲಿಸಿದ ಮೇಲೆ ಅವು ಮನುಷ್ಯರಿಗೂ ಕಾಣದಾದವು. ಆದ್ದರಿಂದ ಮೆನುವಿನ ಪ್ರತಿ ಪದವೂ ಯುನಿಕೋಡ್ ಪಠ್ಯವಾಗಿರುವುದು ಮೊದಲ ಅಗತ್ಯ. ಚಿತ್ರವನ್ನು ಉಳಿಸಿಕೊಳ್ಳಲೇಬೇಕೆಂದಿದ್ದರೆ ಅದಕ್ಕೆ ಪರ್ಯಾಯ ಪಠ್ಯವನ್ನು ಜೋಡಿಸಬೇಕು. ಹಳೆಯ ಫಾಂಟಿನ ಪುಟಗಳನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಪರಿವರ್ತನೆಯ ನಂತರ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ಪರಿಶೀಲಿಸುವುದು ಒಳ್ಳೆಯದು.

ಕೊಂಡಿಯ ಪದಗಳ ಆಯ್ಕೆಗೆ ನಮ್ಮವರು ಕೊಡುವ ಗಮನ ಸಾಲದು. 'ಇಲ್ಲಿ ಕ್ಲಿಕ್ಕಿಸಿ' ಎಂಬ ಕೊಂಡಿ ಹೋಗುವ ಊರಿನ ಹೆಸರಿಲ್ಲದ ಬಸ್ಸಿದ್ದಂತೆ. 'ತರಗತಿಗಳು' ಎನ್ನುವುದಕ್ಕಿಂತ 'ಮಕ್ಕಳ ಕನ್ನಡ ತರಗತಿ' ಲೇಸು. ಊರಿನ ಹೆಸರಿನಲ್ಲೂ ಒಂದು ಸೂಕ್ಷ್ಮವಿದೆ. 1996ರಲ್ಲಿ ಮದರಾಸು ಅಧಿಕೃತವಾಗಿ ಚೆನ್ನೈ ಆಯಿತು. ಹಿರಿಯರ ಬಾಯಲ್ಲಿ ಇಂದಿಗೂ ಮದರಾಸು, ಮದ್ರಾಸು. ಮೆನುವಿನಲ್ಲಿ 'ಚೆನ್ನೈ' ಇರಲಿ, ಹಳೆಯ ನೆನಪುಗಳ ಪುಟಗಳಲ್ಲಿ 'ಮದರಾಸು' ಸಹಜವಾಗಿಯೇ ಬರಲಿ. ಎಲ್ಲ ರೂಪಗಳನ್ನೂ ಮೆನುವಿಗೆ ತುರುಕುವುದು ಓದುಗರಿಗೂ ಕಿರಿಕಿರಿ, ಯಂತ್ರಕ್ಕೂ ಸಂಶಯಾಸ್ಪದ.

ಹಳೆಯ ಸಂಚಿಕೆಗಳ ಭಂಡಾರವೇ ಹೆಚ್ಚಾಗಿ ಕಣ್ಮರೆಯಾಗುವ ಭಾಗ. ವರ್ಷವನ್ನು ಆರಿಸಿ ಗುಂಡಿ ಒತ್ತಿದರೆ ಮಾತ್ರ ತೆರೆಯುವ ವ್ಯವಸ್ಥೆ ನೋಡಲು ಅಚ್ಚುಕಟ್ಟು. ಆದರೆ ಶೋಧಕ ಯಂತ್ರವು ಸಾಮಾನ್ಯವಾಗಿ ಗುಂಡಿ ಒತ್ತುವುದಿಲ್ಲ, ಹುಡುಕು ಪೆಟ್ಟಿಗೆಯಲ್ಲಿ ಪದ ಬರೆಯುವುದೂ ಇಲ್ಲ. ಪ್ರತಿ ವರ್ಷಕ್ಕೊಂದು ಪುಟ ಮಾಡಿ, ಅದರಲ್ಲಿ ಆ ವರ್ಷದ ಲೇಖನಗಳಿಗೆಲ್ಲ ಸಾಮಾನ್ಯ ಎಚ್‌ಟಿಎಂಎಲ್ ಕೊಂಡಿಗಳನ್ನು ಕೊಟ್ಟರೆ ಭಂಡಾರದ ಬಾಗಿಲು ತೆರೆಯುತ್ತದೆ. ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಸಂಸ್ಥೆಗಳು 2006ರಲ್ಲಿ ಒಪ್ಪಿಕೊಂಡ 'ಸೈಟ್‌ಮ್ಯಾಪ್' ಕಡತವೂ ಸಹಾಯಕವೇ. ಕೊಂಡಿಗಳಿಗೆ ಅದು ಬದಲಿಯಲ್ಲ.

ಪುಟದ ವಿಳಾಸವನ್ನು ಕನ್ನಡದಲ್ಲೇ ಬರೆಯಬಹುದು, ಯಂತ್ರಕ್ಕೆ ಅದು ಅರ್ಥವಾಗುತ್ತದೆ. ಆದರೆ ಅದನ್ನು ನಕಲು ಮಾಡಿ ಮಿಂಚಂಚೆಯಲ್ಲಿ ಕಳುಹಿಸುವಾಗ ಅನೇಕ ವೇಳೆ ಶೇಕಡಾ ಚಿಹ್ನೆಗಳ ಸಾಲಾಗಿ ಬಿಡುತ್ತದೆ: 'ಕನ್ನಡ' ಎಂಬ ಒಂದು ಪದವೇ 45 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಕನ್ನಡಾಭಿಮಾನಕ್ಕೆ ಒಪ್ಪದಿದ್ದರೂ ವಿಳಾಸದ ಮಟ್ಟಿಗೆ ಚಿಕ್ಕ ಇಂಗ್ಲಿಷ್ ಪದವೇ ಅನುಕೂಲ.

ಗೂಗಲ್ 2023ರ ಹೊತ್ತಿಗೆ ತಾಣಗಳ ಮೊಬೈಲ್ ರೂಪವನ್ನೇ ಆಧಾರವಾಗಿಟ್ಟುಕೊಂಡು ಸೂಚಿ ತಯಾರಿಸುವ ಪದ್ಧತಿಗೆ ಬದಲಾಯಿತು. ಮೂರು ಗೆರೆಗಳ ಗುರುತಿನ ಹಿಂದೆ ಮೆನು ಮಡಚಿಕೊಂಡಿದ್ದರೆ ತೊಂದರೆಯಿಲ್ಲ. ಜಾಗ ಸಾಲದೆಂದು ಮೊಬೈಲಿನಲ್ಲಿ ಅರ್ಧ ಕೊಂಡಿಗಳನ್ನು ಕೈಬಿಟ್ಟಿದ್ದರೆ ಆ ಪುಟಗಳ ದಾರಿ ತಪ್ಪುತ್ತದೆ.

ತಮ್ಮ ತಾಣದ ಸ್ಥಿತಿಯನ್ನು ತಿಳಿಯಲು ಸುಲಭೋಪಾಯವೊಂದಿದೆ. ಗೂಗಲ್‌ನಲ್ಲಿ ಇಂಗ್ಲಿಷಿನ 'ಸೈಟ್' ಪದ, ಒಂದು ವಿವರಣ ಚಿಹ್ನೆ, ಅದಕ್ಕೆ ಅಂಟಿದಂತೆ ತಾಣದ ವಿಳಾಸ ಬರೆದು ಹುಡುಕಿದರೆ ಸೂಚಿಯಲ್ಲಿರುವ ಪುಟಗಳ ಅಂದಾಜು ಸಿಗುತ್ತದೆ. ಬೇಕಾದ ಪುಟವೊಂದು ಅಲ್ಲಿ ಕಾಣದಿದ್ದರೆ, ಮುಖಪುಟದಿಂದ ಗುಂಡಿ ಒತ್ತದೆ, ಬರೀ ಕೊಂಡಿಗಳನ್ನು ಹಿಡಿದು ಅಲ್ಲಿಗೆ ತಲುಪಲು ಸಾಧ್ಯವೇ ಎಂದು ಮೊದಲು ನೋಡಬೇಕು.