ಹಿಮ್ಮಡಿ ನೋವು: ಪ್ಲಾಂಟರ್ ಫ್ಯಾಸಿಯೈಟಿಸ್

ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹರಡಿರುವ ದಪ್ಪ ನಾರುಪಟ್ಟಿಯು ಪಾದದ ಕಮಾನನ್ನು ಹಿಡಿದಿಡುತ್ತದೆ. ಇದು ಮೂಳೆಗೆ ಅಂಟಿರುವ ಸ್ಥಳದಲ್ಲಿ ಪದೇ ಪದೇ ಎಳೆತಕ್ಕೊಳಗಾಗಿ ಸವೆಯುವುದರಿಂದ ಉಂಟಾಗುವ ಬೇನೆಯೇ ಪ್ಲಾಂಟರ್ ಫ್ಯಾಸಿಯೈಟಿಸ್. 40ರಿಂದ 60 ವರ್ಷ ವಯಸ್ಸಿನವರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ.

ಕಾರಣಗಳು:
ಗಟ್ಟಿ ನೆಲದ ಮೇಲೆ ದೀರ್ಘಕಾಲ ನಿಂತು ಮಾಡುವ ಕೆಲಸ, ಅಧಿಕ ದೇಹತೂಕ, ಅತಿಯಾದ ಓಟ, ಬಿಗಿಯಾದ ಮೀನಖಂಡ, ಚಪ್ಪಟೆ ಪಾದ ಹಾಗೂ ತೆಳು ಅಟ್ಟೆಯ ಪಾದರಕ್ಷೆ.

ಲಕ್ಷಣ ಮತ್ತು ರೋಗನಿರ್ಣಯ:
ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲಿ ತೀವ್ರ ನೋವಿದ್ದು, ನಡೆದಂತೆ ಕಡಿಮೆಯಾಗುತ್ತದೆ. ಹಿಮ್ಮಡಿಯ ತಳದ ಒಳಬದಿಯನ್ನು ಒತ್ತಿ ಪರೀಕ್ಷಿಸಿ ವೈದ್ಯರು ರೋಗವನ್ನು ಗುರುತಿಸುತ್ತಾರೆ. ಎಕ್ಸ್-ರೇಯಲ್ಲಿ ಕಾಣುವ ಮೂಳೆಮುಳ್ಳು ನೋವಿಲ್ಲದವರಲ್ಲಿಯೂ ಇರುವುದುಂಟು. ಆದುದರಿಂದ ಮುಳ್ಳು ಕಂಡ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಬೇಕೆಂದು ಭಾವಿಸಬಾರದು.

ಚಿಕಿತ್ಸೆ:
ಬಹುಪಾಲು ರೋಗಿಗಳು ಶಸ್ತ್ರಚಿಕಿತ್ಸೆಯಿಲ್ಲದೆ ಸುಮಾರು 12 ತಿಂಗಳೊಳಗೆ ಗುಣಮುಖರಾಗುತ್ತಾರೆ.
• ಹಾಸಿಗೆಯಿಂದ ಇಳಿಯುವ ಮುನ್ನ ಕಾಲ್ಬೆರಳುಗಳನ್ನು ಮೊಣಕಾಲಿನತ್ತ ಎಳೆದು 10 ಸೆಕೆಂಡು ಹಿಡಿಯುವುದು. 10 ಬಾರಿ ಪುನರಾವರ್ತಿಸುವುದು.
• ಮೆತ್ತನೆಯ ಹಿಮ್ಮಡಿಯುಳ್ಳ ಪಾದರಕ್ಷೆ ಧರಿಸುವುದು. ಮನೆಯೊಳಗೂ ಬರಿಗಾಲಿನಲ್ಲಿ ನಡೆಯದಿರುವುದು.
• ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಡುವುದು.
• ನೋವು ನಿವಾರಕ ಹಾಗೂ ಸ್ಟೀರಾಯ್ಡ್ ಚುಚ್ಚುಮದ್ದನ್ನು ವೈದ್ಯರ ಸಲಹೆಯಂತೆ ಮಾತ್ರ ಪಡೆಯುವುದು. ಪದೇ ಪದೇ ಚುಚ್ಚುಮದ್ದು ಪಡೆದಲ್ಲಿ ನಾರುಪಟ್ಟಿ ಹರಿಯುವ ಅಪಾಯವಿದೆ.

ಎಚ್ಚರಿಕೆ:
ಮಧುಮೇಹಿಗಳು ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಮಂಜುಗಡ್ಡೆಯನ್ನಾಗಲಿ ಬಿಸಿ ಶಾಖವನ್ನಾಗಲಿ ನೀಡಬಾರದು. ಜ್ವರ, ಊತ, ಹುಣ್ಣು, ಜೋಮು ಅಥವಾ ವಿಶ್ರಾಂತಿಯಲ್ಲೂ ಕಡಿಮೆಯಾಗದ ನೋವಿದ್ದಲ್ಲಿ ತಡಮಾಡದೆ ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸತಕ್ಕದ್ದು.