ರೈಲು ವಾಲಿದರೆ ದಾರಿ ಹತ್ತಿರವಾದೀತೆ?

ಸೊರಬದವರಿಗೆ ರೈಲು ಎಂದರೆ ಸಾಗರ, ಶಿಕಾರಿಪುರದವರಿಗೆ ಶಿವಮೊಗ್ಗ. ತಲೆಮಾರುಗಳಿಂದ ಈ ಎರಡೂ ತಾಲ್ಲೂಕುಗಳ ಜನ ಬಸ್ಸು ಹಿಡಿದು ಹೋಗಿಯೇ ರೈಲು ಹತ್ತಿದ್ದಾರೆ. ಹತ್ತಿದ ಮೇಲಾದರೂ ಬೇಗ ಊರು ಮುಟ್ಟಿದರೇ? ಅದೂ ಇಲ್ಲ.

ಕಾರಣ ಹಳೆಯದು. ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್‌ಗೇಜ್ ರೈಲು ಬಂದದ್ದು 1899ರಲ್ಲಿ. ಮೈಸೂರು ಸಂಸ್ಥಾನ ಅದನ್ನು 1930ರ ದಶಕದಲ್ಲಿ ಅರಸಾಳು, ಆನಂದಪುರ, ಸಾಗರಗಳ ಕಡೆಗೆ ಮುಂದುವರಿಸಿತು. 1940ರಲ್ಲಿ ಹಳಿ ತಾಳಗುಪ್ಪ ಸೇರಿತು. ಆಗ ಗುಡ್ಡ ಅಡ್ಡ ಬಂದರೆ ಕೊರೆಯುವುದಕ್ಕಿಂತ ಬಳಸಿ ಹೋಗುವುದೇ ಅಗ್ಗ. ಮರಮಟ್ಟು ಸಾಗಿಸುವ ಗಾಡಿಗೆ ಅವಸರವೂ ಇರಲಿಲ್ಲ. ಕೊನೆಯ ವರ್ಷಗಳಲ್ಲಿ ಅಲ್ಲಿ ಓಡಿದ್ದು ರೈಲುಬಸ್ಸು. 2011ರ ಹೊತ್ತಿಗೆ ತಾಳಗುಪ್ಪದವರೆಗೆ ಬ್ರಾಡ್‌ಗೇಜ್ ಆಯಿತು.

ತಿರುವಿನಲ್ಲಿ ರೈಲು ಏಕೆ ನಿಧಾನಿಸಬೇಕು? ಸೈಕಲ್ ಸವಾರ ತಿರುವು ಬಂದಾಗ ಒಳಬದಿಗೆ ವಾಲುತ್ತಾನೆ. ವಾಲದಿದ್ದರೆ ಹೊರಕ್ಕೆ ಎಸೆದಂತಾಗುತ್ತದೆ. ರೈಲು ತಾನಾಗಿ ವಾಲಲಾರದು. ಆದ್ದರಿಂದ ತಿರುವಿನ ಹೊರಬದಿಯ ಹಳಿಯನ್ನೇ ಎತ್ತರಿಸುತ್ತಾರೆ. ನಮ್ಮ ಬ್ರಾಡ್‌ಗೇಜಿನಲ್ಲಿ ಈ ಎತ್ತರಕ್ಕೆ 165 ಮಿಲಿಮೀಟರ್‌ನ ಮಿತಿಯಿದೆ. ಇನ್ನಷ್ಟು ಎತ್ತರಿಸೋಣವೆಂದರೆ, ಅದೇ ಹಳಿಯ ಮೇಲೆ ತೆವಳುವ ಗೂಡ್ಸ್ ರೈಲಿನ ಭಾರವೆಲ್ಲ ಒಳಹಳಿಯ ಮೇಲೆ ಬೀಳುತ್ತದೆ.

ಹಳಿ ಬದಲಿಸಲಾಗದಿದ್ದರೆ ಬೋಗಿಯನ್ನೇ ವಾಲಿಸಿದರೆ ಹೇಗೆ? ವಾಲುವ ರೈಲಿನ ತಂತ್ರ ಇಷ್ಟೇ. ಚಕ್ರಗಳು ಹಳಿಯ ಮೇಲೆ ಮೊದಲಿನಂತೆಯೇ ಓಡುತ್ತವೆ, ಮೇಲಿನ ಬೋಗಿ ಮಾತ್ರ ಕೆಲವು ಡಿಗ್ರಿ ಒಳಕ್ಕೆ ಬಾಗುತ್ತದೆ. ಪ್ರಯಾಣಿಕ ಪಕ್ಕದವರ ಮೇಲೆ ಬೀಳುವುದಿಲ್ಲ, ಕಾಫಿ ಚೆಲ್ಲುವುದಿಲ್ಲ. ಸಾಮಾನ್ಯ ರೈಲು ಗಂಟೆಗೆ 85-90 ಕಿ.ಮೀ. ದಾಟಲಾಗದ ತಿರುವಿನಲ್ಲಿ ಇದು 110ರ ಹತ್ತಿರ ಓಡಬಲ್ಲದು.

ಜಪಾನ್ 1973ರಲ್ಲಿ ನಗೋಯಾ-ನಗಾನೊ ನಡುವಿನ ಬೆಟ್ಟದ ಮಾರ್ಗದಲ್ಲಿ ಇಂಥ ರೈಲು ಬಿಟ್ಟಿತು. ಅದರ ಹಳಿಯ ಅಗಲ ನಮ್ಮ ಮೀಟರ್‌ಗೇಜಿಗಿಂತ ಕೇವಲ ಆರೇಳು ಸೆಂಟಿಮೀಟರ್ ಹೆಚ್ಚು ಎಂಬುದು ಗಮನಿಸಬೇಕಾದ ಸಂಗತಿ. ಬ್ರಿಟನ್ನಿನದು ಬೇರೆ ಕಥೆ. 1981ರ ಡಿಸೆಂಬರ್‌ನಲ್ಲಿ ಅದರ ವಾಲುವ ರೈಲು ಗ್ಲಾಸ್ಗೋದಿಂದ ಲಂಡನ್ನಿಗೆ 4 ಗಂಟೆ 14 ನಿಮಿಷದಲ್ಲಿ ಬಂತು. ಆದರೆ ಕೆಲವರಿಗೆ ಹೊಟ್ಟೆ ತೊಳಸಿತು, ಚಳಿಗೆ ಯಂತ್ರಗಳು ಕೈಕೊಟ್ಟವು, ಪತ್ರಿಕೆಗಳು ಗೇಲಿ ಮಾಡಿದವು. ತೂಕದ ಸೆಳೆತವನ್ನು ಪೂರ್ತಿ ಅಳಿಸಿಬಿಟ್ಟರೆ, ಕಣ್ಣಿಗೆ ಕಾಣುವ ತಿರುವು ಮೈಗೆ ಗೊತ್ತಾಗದೆ ತಲೆ ಸುತ್ತುತ್ತದೆಂದು ಆಮೇಲೆ ತಿಳಿಯಿತು. ಇಟಲಿಯ 'ಪೆಂಡೊಲಿನೊ' 1988ರಲ್ಲಿ ನಿತ್ಯದ ಓಡಾಟಕ್ಕೆ ಇಳಿದು ಗೆದ್ದಿತು.

ನಮ್ಮ ದೇಶದಲ್ಲಿ 2016ರಲ್ಲಿ ಸ್ಪೇನಿನ ಟಾಲ್ಗೊ ಬೋಗಿಗಳು ದೆಹಲಿ-ಮುಂಬೈ ನಡುವೆ 12 ಗಂಟೆಯೊಳಗೆ ಪರೀಕ್ಷಾ ಓಟ ಮುಗಿಸಿದವು. 2022ರಲ್ಲಿ 100 ವಂದೇ ಭಾರತ್ ರೈಲುಗಳನ್ನು ವಾಲುವಂತೆ ಮಾಡುವ ಮಾತು ಬಂತು. ಮಾತು ಬಂದಷ್ಟು ಬೇಗ ರೈಲು ಬರಲಿಲ್ಲ.

ಇಷ್ಟಾಗಿಯೂ ಮಲೆನಾಡಿನ ಎಲ್ಲ ವಿಳಂಬಕ್ಕೂ ಇದು ಮದ್ದಲ್ಲ. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ ಪ್ರತಿ 50 ಮೀಟರಿಗೆ ಒಂದು ಮೀಟರ್ ಏರು, 57 ಸುರಂಗ. ಅಲ್ಲಿ ರೈಲನ್ನು ತಡೆಯುವುದು ತಿರುವೊಂದೇ ಅಲ್ಲ, ಇಳಿಜಾರಿನಲ್ಲಿ ಬ್ರೇಕಿನ ಭಯವೂ ಹೌದು. ಎಷ್ಟು ವಾಲಿದರೂ ಇಳಿಜಾರು ಸಪಾಟಾಗದು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆಯವರು ಬೇರೆ ದಾರಿ ಹಿಡಿದರು: ಗುಡ್ಡ ಬಳಸದೆ 90ಕ್ಕೂ ಹೆಚ್ಚು ಸುರಂಗ ಕೊರೆದು ತಿರುವುಗಳನ್ನೇ ದೊಡ್ಡದಾಗಿಸಿದರು.

ಶಿವಮೊಗ್ಗದಿಂದ ಶಿಕಾರಿಪುರದ ಮೂಲಕ ರಾಣೆಬೆನ್ನೂರಿಗೆ ಹೋಗುವ ಸುಮಾರು 100 ಕಿ.ಮೀ. ಹೊಸ ಮಾರ್ಗಕ್ಕೆ 2023ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆಯಾಯಿತು. ತಿರುವಿನ ಪ್ರಶ್ನೆ ಇಲ್ಲಿ ಬೋಗಿಯದಲ್ಲ, ಜಮೀನಿನದು. ತಿರುವು ನೇರವಾದಷ್ಟೂ ರೈಲಿಗೆ ವೇಗ; ಆದರೆ ನೇರ ಗೆರೆಗೆ ಯಾರ ಗದ್ದೆ, ಯಾರ ತೋಟ ಅಡ್ಡ ಬರುತ್ತದೋ ಅವರು ಬಿಟ್ಟುಕೊಡಬೇಕು. ಸೊರಬವಂತೂ ಆ ನಕ್ಷೆಯಲ್ಲೇ ಇಲ್ಲ. ಅಲ್ಲಿನವರಿಗೆ ಸಾಗರದ ಬಸ್ಸೇ ಗತಿ.